ಹೆಸರು ಕರೆಯುವ ದಂಡೆ

ನಮ್ಮೂರಲ್ಲಿ ಹೊಳೆ ಯಾರನ್ನಾದರೂ ಒಯ್ದರೆ ಜನ ಮೊದಲು ಪೊಲೀಸರ ಹತ್ತಿರ ಹೋಗುವುದಿಲ್ಲ, ನಮ್ಮ ಮಾವನ ಹತ್ತಿರ ಬರುತ್ತಾರೆ. ಮಾವ ಭಾವುಸಾಹೇಬರು ಸೇತುವೆ ಆಗುವ ತನಕ ಕೃಷ್ಣೆಯಲ್ಲಿ ಜನರನ್ನು ದಾಟಿಸುವ ನಾವಿ ನಡೆಸಿದವರು. ಎಲ್ಲಿ ಬಿದ್ದ, ಯಾವಾಗ ಬಿದ್ದ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂದು ಕೇಳುತ್ತಾರೆ. ಸ್ವಲ್ಪ ಹೊತ್ತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಾರೆ. ಆಮೇಲೆ ಎದ್ದು ನಡೆಯುತ್ತಾರೆ, ಹೆಚ್ಚಾಗಿ ಬೇವಿನಮಡುವಿಗೇ. ಶಿರಗುಪ್ಪಿ ಕಡೆಯ ಕಬ್ಬಿನ ಹೊಲಗಳು ಮುಗಿಯುವಲ್ಲಿ ಹೊಳೆ ಕುಡುಗೋಲಿನ ಹಾಗೆ ಬಾಗುತ್ತದೆ. ಮೇಲಿನಿಂದ ಬಂದದ್ದೆಲ್ಲ ಆ ಮಡುವಿನಲ್ಲಿ ಸುತ್ತಿ ಸುತ್ತಿ ಕೊನೆಗೆ ದಂಡೆಗೆ ಹತ್ತುತ್ತದೆ.

ಅಲ್ಲಿ ನಿಂತು, ಹೊಳೆ ಒಯ್ದವರ ಹೆಸರು ಹಿಡಿದು ಕರೆಯಬೇಕು. ಇದು ನಮ್ಮೂರ ಪದ್ಧತಿ. ತನ್ನ ಹೆಸರು ಕೇಳಿದರೆ ಹೆಣ ಮೇಲೆ ಏಳುತ್ತದೆ ಎಂದು ನಂಬಿಕೆ. ಕರೆಯುವವರು ಹತ್ತಿರದವರಾಗಿರಬೇಕು, ಹೆಂಡತಿ ಇದ್ದರೆ ಹೆಂಡತಿಯೇ ಆಗಬೇಕು. ಉಳಿದ ದಿನ ಗಂಡನ ಹೆಸರನ್ನು ನಮ್ಮ ಕಡೆ ಹೆಂಗಸರು ಬಾಯಿಗೆ ತರುವುದಿಲ್ಲ. ಲಗ್ನದಲ್ಲಿ ನಾದಿನಿಯರು ಬಾಗಿಲು ಅಡ್ಡಗಟ್ಟಿ ಕಾಡಿದಾಗ ಒಡಪು ಕಟ್ಟಿ ಒಂದು ಸಲ ಹೇಳುತ್ತೇವೆ, ಅಷ್ಟೇ. ಬೇವಿನಮಡುವಿನಲ್ಲಿ ಒಬ್ಬ ಹೆಂಗಸು ಗಂಡನ ಹೆಸರು ಕರೆದಳೆಂದರೆ ಅವಳ ಪಾಲಿಗೆ ಅವನು ಸತ್ತಂತೆ. ಹೆಣ ಸಿಗಲಿ ಬಿಡಲಿ, ಅಲ್ಲಿಯೇ ಅವಳ ಬಳೆ ಇಳಿಸುತ್ತಾರೆ.

ಇದನ್ನು ಹೇಳುತ್ತಿರುವ ನಾನು ಶೈಲಾ, ಭಾವುಸಾಹೇಬರ ಸೊಸೆ. ನನ್ನ ಗಂಡನನ್ನು ಒಯ್ದದ್ದು ಕೃಷ್ಣೆ ಅಲ್ಲ, ಕಚ್ಛದ ಕೊಲ್ಲಿ. ಸೇತುವೆ ಆದ ಮೇಲೆ ನಾವಿ ದಂಡೆಯಲ್ಲಿ ಬೋರಲು ಬಿತ್ತು. ಕಬ್ಬು ಕಡಿದು ಟ್ರ್ಯಾಕ್ಟರಿಗೆ ಹೇರುವ ಕೆಲಸ ನಮ್ಮ ಮನೆಯವರಿಗೆ ಹಿಡಿಸಲಿಲ್ಲ. ನೀರಿನ ಮೇಲೆ ಬೆಳೆದವರು, ಕಾಗವಾಡದ ಗೆಳೆಯನೊಬ್ಬನ ಬೆನ್ನು ಹತ್ತಿ ಗುಜರಾತಿಗೆ ಹೋದರು. ಅಲ್ಲಿ ದೊಡ್ಡ ಹಡಗುಗಳು ಕೊಲ್ಲಿಯ ನಡುವೆ ನಿಲ್ಲುತ್ತವೆ, ಕಲ್ಲಿದ್ದಲನ್ನು ಬಾರ್ಜಿಗೆ ಇಳಿಸಿಕೊಂಡು ದಂಡೆಗೆ ತರುತ್ತಾರೆ. ಅಂಥ ಒಂದು ಬಾರ್ಜಿನಲ್ಲಿ ಇವರು ಖಲಾಸಿ. ವಿಡಿಯೋ ಕಾಲ್ ಹಚ್ಚಿ ಬರೀ ನೀರು ತೋರಿಸುತ್ತಿದ್ದರು. "ನೋಡಲೇ, ಆಚಿ ದಂಡಿ ಕಾಣ್ತೈತೇನು?" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನೀರು ನೋಡಲಿಕ್ಕೆ ನಮ್ಮೂರಲ್ಲಿ ನೀರಿಲ್ಲವೇ? ಮಾರಿ ತೋರಸ್ರಿ ಮೊದಲು, ಅನ್ನುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಕಂಪನಿಯವರ ಫೋನ್ ಬಂತು. ಗಾಳಿ ಎದ್ದಿತ್ತಂತೆ, ಹಗ್ಗ ಹರಿದು ಎದೆಗೆ ಬಡಿಯಿತಂತೆ, ನೀರಿಗೆ ಬಿದ್ದರಂತೆ. ತಲೆ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ ಎಂದರು. ಅತ್ತೆ ರುಕ್ಮವ್ವ ಅಂಗಳದಲ್ಲೇ ಕುಸಿದರು. ಮಾವ ಅಳಲಿಲ್ಲ. ಎಲ್ಲಿ ಬಿದ್ದ, ಯಾವಾಗ ಬಿದ್ದ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ ಎಂದು ಫೋನಿನಲ್ಲೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅರಿವಿ ಕಟ್ಟಿಕೋ ಶೈಲವ್ವಾ, ನೀನೂ ಬರಬೇಕ," ಎಂದರು.

ಯಾಕೆ ಬರಬೇಕು ಎಂದು ನನಗೆ ಹೇಳುವ ಅಗತ್ಯ ಇರಲಿಲ್ಲ. ಮಿರಜದಲ್ಲಿ ಗಾಡಿ ಹತ್ತಿದಾಗಿನಿಂದ ಇಳಿಯುವ ತನಕ ನಾನು ಅವರ ಜೊತೆ ಮಾತಾಡಲಿಲ್ಲ. ಮಗನನ್ನು ಹುಡುಕಲು ಹೊರಟ ಮುದುಕನ ಮೇಲೆ ಸಿಟ್ಟು ಮಾಡಬಾರದು ಎಂದು ಗೊತ್ತಿತ್ತು. ಆದರೂ ಸಿಟ್ಟಿತ್ತು. ಇವರು ಈಜು ಬಲ್ಲವರು, ಯಾವುದೋ ಮೀನುಗಾರರ ದೋಣಿ ಹತ್ತಿರಬಹುದು, ಯಾವುದೋ ನಡುಗಡ್ಡೆಯಲ್ಲಿ ಬಿದ್ದಿರಬಹುದು. ಅದು ಆಗದ ಮಾತು ಎಂದು ಯಾರು ಹೇಳಬೇಕು? ನನ್ನ ಬಾಯಿಂದಲೇ ಇವರನ್ನು ಸಾಯಿಸಲು ನನ್ನನ್ನು ಕರೆದುಕೊಂಡು ಹೊರಟಿದ್ದರು.

ಕೊಲ್ಲಿ ಅಂದರೆ ಕ್ಯಾಲೆಂಡರಿನಲ್ಲಿ ಕಾಣುವ ನೀಲಿ ಸಮುದ್ರ ಅಂದುಕೊಂಡಿದ್ದೆ. ನಾವು ಹೋಗಿ ನಿಂತಾಗ ಅಲ್ಲಿ ನೀರೇ ಇರಲಿಲ್ಲ. ಕಣ್ಣು ಹಾಯುವ ತನಕ ಬೂದು ಬಣ್ಣದ ಕೆಸರು, ನಡುವೆ ಸೊಟ್ಟಸೊಟ್ಟ ಕಾಲುವೆಗಳು, ದೂರದಲ್ಲಿ ಉಪ್ಪಿನ ರಾಶಿಗಳು. ಬೆರಳುದ್ದದ ಮೀನುಗಳು ನೀರು ಬಿಟ್ಟು ಕೆಸರಿನ ಮೇಲೆ ಕುಪ್ಪಳಿಸುತ್ತಿದ್ದವು, ನೋಡಿ ನನಗೆ ಹೇಸಿಗೆ ಆಯಿತು. ಇನ್ನೂ ಆಚೆ ಉದ್ದ ಕಾಲಿನ ಗುಲಾಬಿ ಹಕ್ಕಿಗಳು ತಲೆ ಕೆಳಗೆ ಮಾಡಿ ಕೆಸರು ಸೋಸುತ್ತ ನಿಂತಿದ್ದವು. ಅಷ್ಟೊಂದು ಹಕ್ಕಿಗಳಿದ್ದವು, ಒಂದಾದರೂ ತಲೆ ಎತ್ತಿ ನಮ್ಮ ಕಡೆ ನೋಡಲಿಲ್ಲ. ಜೀವಮಾನದಲ್ಲಿ ಅಷ್ಟು ಒಂಟಿ ಅನ್ನಿಸಿದ್ದು ನನಗೆ ಅದೇ ಮೊದಲು.

ಕಂಪನಿಯ ಮನುಷ್ಯ ಜೊತೆಗೆ ಬಂದಿದ್ದ. ಮಾವ ತಮ್ಮ ಅರ್ಧ ಮರಾಠಿಯ ಹಿಂದಿಯಲ್ಲಿ ಒಂದೇ ಮಾತು ಕೇಳಿದರು: "ಖಾಲಚಿ ಬಾಜೂ ಕೌನಸಿ?" ನೀರು ಹರಿದು ಹೋಗುವ ಕೆಳಗಿನ ಕಡೆ ಯಾವುದು ಎಂದು. ಅವನು ಮೊದಲು ಎಡಕ್ಕೆ ಕೈ ತೋರಿಸಿದ. ಆಮೇಲೆ ಬಲಕ್ಕೂ ತೋರಿಸಿದ. "ಪಾನಿ ಉಧರ್ ಭಿ ಜಾತಾ ಹೈ ಚಾಚಾ, ಇಧರ್ ಭಿ," ಎಂದ. ದಿನಕ್ಕೆ ಎರಡು ಸಲ ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ದೋಣಿ ಬಿಟ್ಟು ಹುಡುಕಿಸಿದ್ದಾಯಿತು, ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಹೊರಟುಹೋದ.

ಮಾವ ಅಲ್ಲಿಯೇ ಕುಕ್ಕುರುಗಾಲಿನಲ್ಲಿ ಕೂತರು. ತಂಬಾಕು ತೆಗೆದರು, ತಿಕ್ಕಿದರು, ತಿಕ್ಕುತ್ತಲೇ ಇದ್ದರು. ಎದ್ದು ನಡೆಯಲಿಲ್ಲ. ಯಾವ ಕಡೆ ನಡೆಯಬೇಕು?

ದಂಡೆಯ ಮೇಲಿನ ಮೀನುಗಾರರ ಓಣಿಯಲ್ಲಿ ಹವಾಬಾಯಿ ಎನ್ನುವ ಹೆಂಗಸು ನಮಗೆ ಮನೆಯ ಪಡಸಾಲೆ ಬಿಟ್ಟುಕೊಟ್ಟಳು. ಐವತ್ತರ ಆಸುಪಾಸಿನವಳು, ನಕ್ಕರೆ ಓಣಿಗೆಲ್ಲ ಕೇಳಿಸುವ ಗಂಟಲು. ನೀರು ಇಳಿದಾಗ ಕೆಸರಿನಲ್ಲಿ ನಡೆದು ಹೋಗಿ, ಗೂಟಕ್ಕೆ ಕಟ್ಟಿದ ಬಲೆಯಿಂದ ಮೀನು ಏಡಿ ಬಿಡಿಸಿ ತರುವುದು ಅವಳ ಕೆಲಸ. ನಾನು ಮರಾಠಿ ಹಿಂದಿ ಕಲಸಿ ಹೇಳುತ್ತಿದ್ದೆ, ಅವಳು ತನ್ನ ಮಾತಿನಲ್ಲಿ ಹೇಳುತ್ತಿದ್ದಳು, ಹೇಗೋ ನಡೆಯುತ್ತಿತ್ತು. ಮಾವ ಕೊಟ್ಟ ಒಂದು ಚಿಟಿಕೆ ನಿಪ್ಪಾಣಿ ತಂಬಾಕು ಬಾಯಿಗೆ ಹಾಕಿಕೊಂಡು ತಲೆದೂಗಿ, ಮತ್ತೊಂದು ಚಿಟಿಕೆಗೆ ಕೈ ಒಡ್ಡಿದಳು.

ನಿನ್ನ ಗಂಡನ ಹೆಸರೇನು ಎಂದು ಅವಳು ಕೇಳಿದಾಗ ನಾನು ಮಾವನ ಕಡೆ ನೋಡಿದೆ. "ಸುರಜ," ಎಂದರು ಮಾವ. ನಾನು ಹೇಳುವ ಹಾಗಿಲ್ಲ ಎಂದು ತಿಳಿದು ಅವಳಿಗೆ ನಗು ತಡೆಯಲಾಗಲಿಲ್ಲ. "ನಾನಂತೂ ನನ್ನವನ ಹೆಸರನ್ನು ಇಡೀ ಓಣಿಗೆ ಕೇಳುವ ಹಾಗೆ ಕೂಗುತ್ತೇನೆ, ಇಲ್ಲದಿದ್ದರೆ ಆ ಹೊಟ್ಟೆಬಾಕ ಊಟಕ್ಕೂ ಬರುವುದಿಲ್ಲ," ಎಂದಳು. ನನಗೂ ನಗು ಬಂತು. ಮನೆ ಬಿಟ್ಟ ಮೇಲೆ ನಕ್ಕದ್ದು ಆಗಲೇ, ನಕ್ಕ ಮೇಲೆ ನಾಚಿಕೆಯೂ ಆಯಿತು.

ಮಾವ ದಿನವೂ ದಂಡೆ ಅಲೆದರು. ಉಪ್ಪುನೀರಿನಲ್ಲೇ ಬೆಳೆಯುವ ಗಿಡಗಂಟಿ ಅಲ್ಲಿ ಬಹಳ. ಚೇರ್ ಅನ್ನುತ್ತಾರೆ. ಅದರ ಬೇರುಗಳು ಮೊಳೆಗಳ ಹಾಗೆ ಕೆಸರಿನಿಂದ ಮೇಲೆ ಎದ್ದಿರುತ್ತವೆ, ನೀರು ತಂದದ್ದೆಲ್ಲ ಅವುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಹರಿದ ಬಲೆ, ಒಂಟಿ ಚಪ್ಪಲಿ, ಪ್ಲಾಸ್ಟಿಕ್ ಡಬ್ಬಿ, ಒಂದು ಸತ್ತ ಕರು, ಎಲ್ಲ ಸಿಕ್ಕವು. ಇಂದು ಇಲ್ಲಿ ಕಂಡ ಚಪ್ಪಲಿ ನಾಳೆ ಇನ್ನೊಂದು ಗಿಡದಲ್ಲಿ ಇರುತ್ತಿತ್ತು. ಕೃಷ್ಣೆ ಒಮ್ಮೆ ಬಿಟ್ಟದ್ದನ್ನು ಮತ್ತೆ ಮುಟ್ಟುವುದಿಲ್ಲ. ಈ ನೀರಿಗೆ ಆ ನಿಯತ್ತು ಇರಲಿಲ್ಲ. ಮಾವ ಸಂಜೆ ಬಂದು ಗೋಡೆಗೆ ಒರಗಿ ಕೂತಾಗ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳ ಹೆಣಗಳನ್ನೆಲ್ಲ ಹುಡುಕಿ ಕೊಟ್ಟವರಿಗೆ ತಮ್ಮ ಮಗ ಸಿಗುತ್ತಿರಲಿಲ್ಲ.

ಅತ್ತೆ ದಿನಾ ಫೋನ್ ಮಾಡುತ್ತಿದ್ದರು. ಮೊದಲು ಅಳು, ಆಮೇಲೆ ಅದೇ ಪ್ರಶ್ನೆ: "ಕರದಿಯೇನವ್ವಾ?"

"ಇಲ್ರಿ ಅತ್ಯಾರ."

"ಯಾಕ ಕರೀವಲ್ಲಿ? ನನ್ನ ಕೂಸು ನೀರಾಗ ಎಷ್ಟ ದಿನಾ ಅಂತ ಮಲಗಬೇಕ? ಒಮ್ಮೆ ಕರಿಯವ್ವಾ, ಬರ್ತಾನ ಅಂವ."

ನಾನು ಹೂಂ ಅನ್ನುತ್ತಿದ್ದೆ, ಫೋನ್ ಇಡುತ್ತಿದ್ದೆ. ಹೆತ್ತವಳಿಗೆ ಎದುರು ಮಾತಾಡುವುದು ಹೇಗೆ? ಅವರಿಗೆ ಮಗ ಬೇಕಿತ್ತು, ಸತ್ತಾದರೂ. ನನಗೆ ಬದುಕಿದ ಗಂಡ ಬೇಕಿತ್ತು, ಕಾಣದಿದ್ದರೂ ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಒಂಟೆಗಳು ಬಂದವು. ಆ ಕಡೆಯ ಒಂಟೆಗಳು ಈಜುತ್ತವೆ. ನಾನು ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ಚೇರ್ ಮೇಯಲು ನಡುಗಡ್ಡೆಗೆ ಹೋಗಿರುತ್ತವೆ, ಅಲ್ಲಿ ಸಿಹಿನೀರು ಇಲ್ಲದ್ದರಿಂದ ಕುಡಿಯಲು ದಂಡೆಗೆ ತಿರುಗಿ ಬರಬೇಕು. ಕಾಯುವವನು ದಂಡೆಯಲ್ಲಿ ನಿಂತು ಕೈ ಬಾಯಿಗೆ ಹಿಡಿದು ಉದ್ದಕ್ಕೆ ಒಂದು ಕೂಗು ಹಾಕಿದ. ಅಷ್ಟು ದೂರದ ಗಿಡಗಳ ಮರೆಯಿಂದ ಒಂದೊಂದೇ ಹೊರಬಿದ್ದು ನೀರಿಗೆ ಇಳಿದವು. ನೀರಿನ ಮೇಲೆ ಬರೀ ಕತ್ತು, ತಲೆ. ಮರಿಗಳು ತಾಯಂದಿರ ಬೆನ್ನಿಗೆ ಆತು ಬಂದವು.

ಮಾವ ನೋಡುತ್ತ ನಿಂತಿದ್ದರು. "ಕಂಡಿಯೇನ ಶೈಲವ್ವಾ? ಕರದ್ರ ಬರ್ತಾವು," ಎಂದರು.

ನನಗೆ ತಡೆಯಲಾಗಲಿಲ್ಲ. "ಅವು ಜೀವಂತ ಅದಾವರಿ ಮಾವಾರ! ಅದಕ್ಕ ಬರ್ತಾವು. ನೀವ ಕರೀರಿ ಬೇಕಾದ್ರ, ನೀವು ತಂದಿ ಅಲ್ಲೇನು? ನನ್ನ ಬಾಯಿಲೆ ಯಾಕ ಅನಸ್ತೀರಿ?"

ಲಗ್ನವಾಗಿ ಬಂದ ಮೇಲೆ ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ಮಾವ ತಲೆ ತಗ್ಗಿಸಿದರು. "ನಾ ಕರದೀನಿ. ದಿನಾ ಕರೀತೀನಿ, ನಿನಗ ಕೇಳದಂಗ. ನನ್ನ ಮಾತ ಅಂವ ಸಣ್ಣಾಂವ ಇದ್ದಾಗಿಂದನೂ ಕೇಳಿಲ್ಲ," ಎಂದರು.

ಆಮೇಲೆ ಅವರು ನನ್ನನ್ನು ಕರೆಯೆಂದು ಕೇಳಲಿಲ್ಲ. ಕೇಳದಿರುವುದೇ ಹೆಚ್ಚು ಕಷ್ಟವಾಯಿತು. ನಾನು ಮಲಗಿದಲ್ಲೇ ಇವರ ಹೆಸರನ್ನು ಬಾಯೊಳಗೆ ಅಂದು ನೋಡುತ್ತಿದ್ದೆ, ತುಟಿ ಅಲ್ಲಾಡದ ಹಾಗೆ.

ಎರಡು ದಿನ ಬಿಟ್ಟು ಮಧ್ಯಾಹ್ನ ನೀರು ಬಹಳ ದೂರ ಹೋಗಿತ್ತು. ಹವಾಬಾಯಿ ಕುಡಿಯುವ ನೀರಿಗೆ ಟ್ಯಾಂಕರಿನ ಹತ್ತಿರ ಹೋಗಿದ್ದಳು. ನಾನು ಅಂಗಳದಲ್ಲಿ ಅವಳ ಬಲೆ ಹರವುತ್ತಿದ್ದೆ. ಮಾವ ಹಣೆಗೆ ಕೈ ಅಡ್ಡ ಹಿಡಿದು ಕೆಸರಿನ ಆಚೆ ನೋಡುತ್ತಿದ್ದವರು ಒಮ್ಮೆಲೆ ಧೋತರ ಎತ್ತಿ ಕಟ್ಟಿದರು.

"ಗೂಟದ ಹತ್ರ ಏನೋ ಐತಿ. ನೀಲಿ ಅರಿವಿ," ಎಂದರು.

ಬಾರ್ಜಿನವರ ಅಂಗಿ ನೀಲಿ. ನಾನು ಬಲೆ ಬಿಟ್ಟು ಎದ್ದೆ. ಹವಾಬಾಯಿ ಬರಲಿ, ಅವಳನ್ನು ಕೇಳಿ ಹೋಗ್ರಿ ಎಂದೆ. "ನೀರ ಇಳದೈತಿ, ಏನಾಗೂದಿಲ್ಲ," ಎಂದು ನಡೆದೇಬಿಟ್ಟರು. ಅದು ಹೊಳೆಯವರ ಲೆಕ್ಕ. ನಮ್ಮ ಹೊಳೆ ಇಳಿಯಲು ಹತ್ತಿದರೆ ಇಳಿಯುತ್ತಲೇ ಹೋಗುತ್ತದೆ. ಮೇಲೆ ಮಳೆ ಬೀಳುವ ತನಕ, ಇಲ್ಲವೇ ಮಹಾರಾಷ್ಟ್ರದವರು ಡ್ಯಾಮಿನ ನೀರು ಬಿಡುವ ತನಕ ಭಯವಿಲ್ಲ. ಏರಿದರೂ ಕಣ್ಣೆದುರೇ, ಕಾಲಬೆರಳಿನಿಂದ ಶುರುಮಾಡಿ ಏರುತ್ತದೆ. ಮಾವ ಮುಂದಿನ ನೀರಿನ ಮೇಲೆ ಕಣ್ಣಿಟ್ಟು ಹೋದರು. ಮೊಣಕಾಲು ಹೂತುಹೋಗುವ ಕೆಸರಿನಲ್ಲಿ ಒಂದೊಂದು ಕಾಲನ್ನೂ ಕಿತ್ತಿಡುತ್ತ ಬಹಳ ದೂರ ಹೋದರು.

ಹವಾಬಾಯಿ ಕೊಡ ಹೊತ್ತು ಬಂದವಳು ಅವರನ್ನು ಕಂಡದ್ದೇ ಕೊಡ ಕೆಳಗೆ ಹಾಕಿದಳು. "ಭರತಿ!" ಎಂದು ಚೀರಿದಳು, ನೀರು ಏರಿ ಬರುತ್ತಿದೆ ಎಂದು. ಮುಂದಿನ ನೀರನ್ನು ತೋರಿಸಲಿಲ್ಲ ಅವಳು, ನಮ್ಮ ಕಾಲಬುಡ ತೋರಿಸಿದಳು. ದಂಡೆಗೂ ಮಾವನಿಗೂ ನಡುವೆ ಇದ್ದ ಕಾಲುವೆ, ಸ್ವಲ್ಪ ಮುಂಚೆ ಬರೀ ಕೆಸರಾಗಿದ್ದದ್ದು, ಸದ್ದಿಲ್ಲದೆ ತುಂಬುತ್ತಿತ್ತು. ಆ ನೀರು ಎದುರಿನಿಂದ ಬರುವುದಿಲ್ಲ, ಮೊದಲು ಹಿಂದಿನಿಂದ ಬಂದು ದಾರಿ ಕಟ್ಟುತ್ತದೆ. ಕೂಗು, ಈಗಲೇ ಹೊರಟರೆ ದಾಟುತ್ತಾರೆ, ತಡವಾದರೆ ಇಲ್ಲ ಎಂದಳು.

"ಮಾವಾರ! ನೀರ ಬಂತರಿ, ಬರ್ರೀ!"

ಅವರಿಗೆ ಕೇಳಿಸಿತು. ಹಿಂದೆ ತಿರುಗದೆ ಒಂದು ಕೈ ಎತ್ತಿದರು. ಬೇವಿನಮಡುವಿನಲ್ಲಿ ಅಳುವವರಿಗೆ ತೋರಿಸುತ್ತಿದ್ದ ಕೈಯೇ ಅದು. ತಡೀರಿ, ನೋಡತೀನಿ, ಎಂದು. ಮತ್ತೆ ಕೂಗಿದೆ. ಮತ್ತೆ ಅದೇ ಕೈ. ಗೂಟಗಳು ಇನ್ನೂ ಅಷ್ಟು ದೂರ ಇದ್ದವು, ನೀಲಿ ಬಣ್ಣ ಅಲ್ಲಿ ಅಲ್ಲಾಡುತ್ತಿತ್ತು, ಅವರು ಹೋಗುತ್ತಲೇ ಇದ್ದರು. ಹವಾಬಾಯಿಯೂ ಗಂಟಲು ಹರಿಯುವ ಹಾಗೆ ಕೂಗಿದಳು. ಅವರು ನಿಲ್ಲಲಿಲ್ಲ. ಆ ನೀಲಿ ಬಟ್ಟೆ ಮುಟ್ಟದೆ ಆ ಮನುಷ್ಯ ತಿರುಗುವುದಿಲ್ಲ ಎಂದು ನನಗೆ ತಿಳಿಯಿತು.

ಯಾವ ಮಾತಿಗೆ ತಿರುಗುತ್ತಾರೆ ಎನ್ನುವುದೂ ತಿಳಿದಿತ್ತು. ತಿಳಿದೂ ನಾನು ನಿಂತೆ. ಎಷ್ಟು ಹೊತ್ತು ನಿಂತೆನೋ ದೇವರಿಗೇ ಗೊತ್ತು, ನೀರು ಮಾತ್ರ ನಿಲ್ಲಲಿಲ್ಲ. ಆಮೇಲೆ ಬಾಯಿ ತೆರೆದೆ.

"ಸುರಜ!"

ಮಾವ ತಿರುಗಿದರು.

ದೂರವಿದ್ದರೂ ಅವರ ಮುಖ ಕಂಡಿತು. ಕಂಡಿರಲಿಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರಿಗಿಂತ ಮೊದಲು ನನ್ನ ಕಣ್ಣಿಗೆ ಮಗ ಬಿದ್ದನೆಂದು ತಿಳಿದು ಅವರ ಮುಖ ಅರಳಿತ್ತು. ನಾನು ಮತ್ತೆ ಕರೆದೆ, ಮತ್ತೆ ಮತ್ತೆ ಕರೆದೆ. ಒಮ್ಮೆ ಹೊರಬಿದ್ದ ಮೇಲೆ ಆ ಹೆಸರು ನಿಲ್ಲಲಿಲ್ಲ. ಅವರು ಬಿದ್ದರು, ಎದ್ದರು, ಕೆಸರಿನಲ್ಲಿ ಕೈಯೂರಿ ಓಡಿಬಂದರು. ಕಾಲುವೆ ಮುಟ್ಟುವ ಹೊತ್ತಿಗೆ ನೀರು ಎದೆಮಟ್ಟ ಆಗಿತ್ತು. ನಾವಿ ನಡೆಸಿದ ಮೈ, ಆದರೆ ಕೆಸರು ಕಾಲು ಬಿಡುತ್ತಿರಲಿಲ್ಲ. ಹವಾಬಾಯಿ ಬಲೆಯ ಹಗ್ಗ ಸೊಂಟಕ್ಕೆ ಸುತ್ತಿ ಇಳಿದಳು, ಇನ್ನೊಂದು ತುದಿ ನಾನು ಹಿಡಿದೆ. ಇಬ್ಬರೂ ಸೇರಿ ಅವರನ್ನು ದಂಡೆಗೆ ಎಳೆದುಕೊಂಡೆವು.

"ಎಲ್ಲಿ?" ಎಂದರು ಮಾವ. ಉಸಿರು ಸಿಗುತ್ತಿರಲಿಲ್ಲ. "ಎಲ್ಲಿ ಅದಾನವ್ವಾ?"

ಅದಕ್ಕಿಂತ ಕಷ್ಟದ ಮಾತನ್ನು ನಾನು ಯಾರಿಗೂ ಹೇಳಿಲ್ಲ. "ಇಲ್ರಿ ಮಾವಾರ. ನಿಮ್ಮನ್ನ ತಿರಗಸಾಕ ಕರದೆ."

ಅವರು ನನ್ನನ್ನೇ ನೋಡಿದರು. ಅರಳಿದ ಮುಖ ಬಾಡುವುದನ್ನು ಅಷ್ಟು ಹತ್ತಿರದಿಂದ ನೋಡಬೇಕಾಯಿತು. ಗೂಟಗಳು ಆಗಲೇ ಅರ್ಧ ಮುಳುಗಿದ್ದವು. ಅಲ್ಲಿ ಕಂಡ ನೀಲಿ ಮಳೆಗಾಲದಲ್ಲಿ ಯಾರದೋ ದೋಣಿಯಿಂದ ಹಾರಿ ಬಂದ ತಾಡಪತ್ರಿ, ಆಗಿನಿಂದ ಅಲ್ಲಿಯೇ ಸಿಕ್ಕಿಕೊಂಡಿದೆ, ನೀರು ಬಹಳ ಇಳಿದಾಗಷ್ಟೇ ಕಾಣುತ್ತದೆ ಎಂದಳು ಹವಾಬಾಯಿ.

ನಾನು ಕೆಸರಿನಲ್ಲೇ ಕೂತೆ. ಕರೆದಾಗಿತ್ತು. ನೀರಿನ ದಂಡೆಯಲ್ಲಿ ನಿಂತು, ಹೆಸರು ಹಿಡಿದು, ಊರಿಗೆಲ್ಲ ಕೇಳುವ ಹಾಗೆ. ಅಷ್ಟು ಕರೆದರೂ ಇವರು ಬರಲಿಲ್ಲ. ಬರುವುದಿಲ್ಲ ಎನ್ನುವುದು ಆಗ ನನ್ನ ಹೊಟ್ಟೆಗೆ ಇಳಿಯಿತು. ಎಡಗೈಯ ಬಳೆಗೆ ಬಲಗೈ ಹಾಕಿದೆ.

ಅಷ್ಟರಲ್ಲಿ ಫೋನ್ ಬಂತು. ಅತ್ತೆಯದು. ಸ್ಪೀಕರ್ ಹಚ್ಚಿ ಮಾವನ ಮುಂದೆ ಹಿಡಿದೆ. ಮಾವ ಹಲೋ ಅಂದರು.

"ಏನ್ರಿ," ಎಂದರು ಅತ್ತೆ. "ಆಕಿ ಕರದಳೇನ್ರಿ?"

ಮಾವ ನನ್ನ ಮುಖ ನೋಡಿದರು, ಬಳೆಯ ಮೇಲಿದ್ದ ಕೈ ನೋಡಿದರು. ಜೀವನವೆಲ್ಲ ಆ ಪದ್ಧತಿ ನಡೆಸಿಕೊಂಡು ಬಂದವರು, ಎಷ್ಟೋ ಹೆಂಗಸರನ್ನು ಮಡುವಿನ ದಂಡೆಗೆ ತಂದು ನಿಲ್ಲಿಸಿದವರು.

"ಇಲ್ಲ, ಕರದಿಲ್ಲ," ಎಂದರು.

"ಖರೇನ ಇಲ್ಲೇನ್ರಿ?"

"ನಾ ಇಲ್ಲೇ ಅದೀನಿ, ರುಕ್ಮವ್ವಾ. ನನ್ನ ಕಿವಿಗೆ ಬಿದ್ದಿಲ್ಲ. ಇಲ್ಲಿ ಕರಿಯೂ ಜಾಗಾನಽ ಇಲ್ಲ. ನೀ ಇನ್ನಮ್ಯಾಲೆ ಕೇಳಬ್ಯಾಡ ಆಕೀನ," ಎಂದರು.

ಫೋನ್ ಇಟ್ಟ ಮೇಲೆ ಅವರು ನನ್ನ ಕಡೆ ನೋಡಲಿಲ್ಲ. "ಕೈ ತಗಿಯವ್ವಾ ಬಳಿ ಮ್ಯಾಲಿಂದು," ಎಂದರು, ಅಷ್ಟೇ. ನಾನು ಕೈ ತೆಗೆದೆ. ಮನೆ ಬಿಟ್ಟಾಗಿನಿಂದ ಅಳದವಳು ಅಲ್ಲಿ ಕೂತು ಅತ್ತುಬಿಟ್ಟೆ. ಹವಾಬಾಯಿ ನನ್ನ ಬೆನ್ನು ಸವರುತ್ತ ತನ್ನ ಮಾತಿನಲ್ಲಿ ಏನೇನೋ ಹೇಳುತ್ತಿದ್ದಳು. ಮಾವ ಕೆಸರು ಮೆತ್ತಿದ ಮೈಯಲ್ಲೇ ನೀರಿಗೆ ಬೆನ್ನು ಮಾಡಿ ಕೂತಿದ್ದರು.

ಇವರು ಬರುತ್ತಾರೆಯೇ ಎಂದು ಊರವರು ಇಂದಿಗೂ ನನ್ನನ್ನು ಕೇಳುತ್ತಾರೆ, ಕೈತುಂಬ ಬಳೆ ನೋಡಿ. ಏನು ಹೇಳಲಿ? ನಾನು ಕರೆದಾಗ ಬಂದದ್ದು ಒಬ್ಬರೇ. ಮರುದಿನ ಅವರನ್ನು ಕರೆದುಕೊಂಡು ಮಿರಜದ ಗಾಡಿ ಹತ್ತಿದೆ.